ಅತ್ತೆ ಒಳಗೆ ಬಾರದ ಸೂರ್ಯನ ಗುಡಿ

ಹೋದ ತಿಂಗಳು ಒಂದು ತಡೆಗೋಡೆಯ ಇನ್ಸ್‌ಪೆಕ್ಷನ್‌ಗೆಂದು ಸ್ಯಾನ್ ಡಿಯಾಗೋಗೆ ಹೋಗಿದ್ದೆ. ಲಾಸ್ ಏಂಜಲೀಸ್ ಕಡೆಯ ಚಾಟ್ಸ್‌ವರ್ತ್‌ಗೆ ಮನೆ ಬದಲಾಯಿಸಿದ ಮೇಲೆ ಆ ಕಡೆ ಹೋಗುವುದು ಕಡಿಮೆಯಾಗಿದೆ. ಜೂನ್ ತಿಂಗಳು. ಅಲ್ಲಿ ಜೂನ್ ಎಂದರೆ ಬಿಸಿಲಲ್ಲ, ಸಮುದ್ರದಿಂದ ಎದ್ದು ಬಂದು ಮಧ್ಯಾಹ್ನದವರೆಗೂ ಊರಿನ ಮೇಲೆ ಜಗ್ಗದೆ ಕೂತಿರುವ ಮೋಡ. ಕೆಲಸದ ಜಾಗ ನಾವು ಮೊದಲು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿಗೆ ಹತ್ತಿರವೇ ಇತ್ತು. ಅದರ ಹಿಂದಿನ ದಿಣ್ಣೆಯ ಮೇಲೆ ಸಾಲಾಗಿ ನೀಲಗಿರಿ ಮರಗಳಿವೆ. ಕಾರಿನ ಬಾಗಿಲು ತೆಗೆದದ್ದೇ ತಡ, ಒದ್ದೆ ನೀಲಗಿರಿ ಎಲೆಯ ವಾಸನೆ ಮೂಗಿಗೆ ಬಡಿಯಿತು. ಪೆರು ದೇಶದ ಕುಸ್ಕೋ ಊರಿನ ಸುತ್ತಲೂ ಇದೇ ಮರ, ಬೆಳಗಿನ ಹೊತ್ತು ಇದೇ ವಾಸನೆ. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟೆ. ಕಂಟ್ರ್ಯಾಕ್ಟರ್ ಬಂದು ಏನಾದರೂ ತೊಂದರೆಯೇ ಎಂದು ಕೇಳಿದ. ಇಲ್ಲ ಎಂದೆ.

2014ರ ಬೇಸಿಗೆಯಲ್ಲಿ ನಾವು ಪೆರುವಿಗೆ ಹೋಗಿ ಇಂಕಾ ಜನರ ಪಾಳುಬಿದ್ದ ಊರುಗಳನ್ನು ನೋಡಿ ಬಂದೆವು. ನಾವು ಎಂದರೆ ನಾನು, ನನ್ನ ಗಂಡ ಗಿರೀಶ, ಆಗ ಒಂಬತ್ತು ವರ್ಷದವಳಾಗಿದ್ದ ಮಗಳು ಅನಘಾ, ಮತ್ತೆ ಊರಿನಿಂದ ಬಂದಿದ್ದ ಅತ್ತೆ ಸರೋಜಮ್ಮ. ನಾವು ಮೂವರು ಪ್ರವಾಸದಲ್ಲಿದ್ದೆವು. ಅತ್ತೆ ಅಷ್ಟೂ ದಿನ ಸೂತಕದಲ್ಲಿದ್ದರು. ಅವರ ಓರಗಿತ್ತಿ ಪದ್ಮಮ್ಮ ನಾವು ಹೊರಡುವ ದಿನವೇ ಅರಸೀಕೆರೆಯಲ್ಲಿ ತೀರಿಕೊಂಡಿದ್ದರು. ಸುದ್ದಿ ಬಂದದ್ದು ಅತ್ತೆಯೊಬ್ಬರಿಗೆ. ಅವರು ನಮಗೆ ಹೇಳಲಿಲ್ಲ. ಸಾವನ್ನು ಒಬ್ಬರೇ ಹೊತ್ತುಕೊಂಡು ಆ ಬೆಟ್ಟಗಳನ್ನೆಲ್ಲ ಹತ್ತಿ ಇಳಿದರು, ನಾನು ಅವರ ಮೇಲೆ ರೇಗುತ್ತಾ ಮುಂದೆ ಮುಂದೆ ಹೋದೆ.

ಇಂಕಾ ಹುಚ್ಚು ನನ್ನದು, ಗಿರೀಶನದಲ್ಲ. ಪೊಮೊನಾದಲ್ಲಿ ಸಿವಿಲ್ ಎಂಜಿನಿಯರಿಂಗ್ ಎಂ.ಎಸ್. ಮಾಡುವಾಗ ಭೂಕಂಪದ ಪಾಠದಲ್ಲಿ ಮೇಷ್ಟ್ರು ಒಂದು ಗೋಡೆಯ ಚಿತ್ರ ತೋರಿಸಿದ್ದರು. ಕುಸ್ಕೋದಲ್ಲಿ ಇಂಕಾ ಅರಸರು ಕಟ್ಟಿಸಿದ ಸೂರ್ಯನ ಗುಡಿ. ಸ್ಪೇನಿನವರು ಅದನ್ನು ಒಡೆದು, ಉಳಿದ ಗೋಡೆಗಳ ಮೇಲೇ ಚರ್ಚು ಕಟ್ಟಿದರು. ಮುಂದೆ ದೊಡ್ಡ ಭೂಕಂಪವಾದಾಗ ಮೇಲಿನದು ಕುಸಿಯಿತು, ಕೆಳಗಿನ ಇಂಕಾ ಗೋಡೆ ಮಿಸುಕಲಿಲ್ಲ. ಗಾರೆಯಿಲ್ಲ, ಸಿಮೆಂಟಿಲ್ಲ, ಕಲ್ಲನ್ನು ಕೆತ್ತಿ ಕೆತ್ತಿ ಪಕ್ಕದ ಕಲ್ಲಿಗೆ ಕೂಡಿಸಿದ್ದಷ್ಟೇ. ಅವತ್ತೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ, ಸಾಯುವುದರೊಳಗೆ ಆ ಗೋಡೆಗೆ ಕೈ ಇಟ್ಟು ನೋಡಬೇಕು ಅಂತ. ಆಮೇಲೆ ಕೆಲಸ, ಮದುವೆ, ಬಾಣಂತನ, ವೀಸಾ, ಮತ್ತೆ ವೀಸಾ. ಆಸೆಯನ್ನು ಹಿಂದಕ್ಕೆ ತಳ್ಳಿ ತಳ್ಳಿ, ಅದು ಆಸೆಯಾಗಿ ಉಳಿಯದೆ ಹಟವಾಗಿತ್ತು. ಆ ವರ್ಷ ಹೋಗಲೇಬೇಕು ಎಂದು ಕೂತಿದ್ದೆ.

ಅತ್ತೆ ಏಪ್ರಿಲ್ ಕೊನೆಗೆ ಬಂದರು. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅತ್ತೆ ಅರಸೀಕೆರೆಯಲ್ಲಿ ಮೈದುನನ ಕುಟುಂಬದ ಜೊತೆಯಲ್ಲೇ ಇದ್ದರು. ಮೈದುನನ ಹೆಂಡತಿ ಈ ಪದ್ಮಮ್ಮ. ಅತ್ತೆ ಸೊಸೆಯಾಗಿ ಆ ಮನೆಗೆ ಬಂದ ಎರಡು ವರ್ಷಕ್ಕೆ ಅವರೂ ಬಂದರಂತೆ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಮುದುಕಿಯರಾದವರು. ಸಾರಿನ ಪುಡಿಗೆ ಮೆಂತ್ಯ ಎಷ್ಟು ಹಾಕಬೇಕು ಎಂಬ ಅವರ ಜಗಳ ನಾನು ಮದುವೆಯಾಗಿ ಹೋದಾಗಲೇ ಹಳೆಯದಾಗಿತ್ತು, ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಊಟಕ್ಕೆ ಕೂತದ್ದನ್ನು ಆ ಮನೆಯಲ್ಲಿ ಯಾರೂ ಕಂಡಿಲ್ಲ. ಗಿರೀಶ ಚಿಕ್ಕವನಿದ್ದಾಗ ಅಮ್ಮ ಬೈದರೆ ಚಿಕ್ಕಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತಿದ್ದನಂತೆ, ಚಿಕ್ಕಮ್ಮ ಬೈದರೆ ಅಮ್ಮನ ಹಿಂದೆ.

ಸ್ಯಾನ್ ಡಿಯಾಗೋದಲ್ಲಿ ಅತ್ತೆಯ ವಾರ ನಡೆಯುತ್ತಿದ್ದದ್ದು ಭಾನುವಾರದ ಫೋನಿನ ಸುತ್ತ. ನನ್ನ ಹಳೆಯ ಫೋನನ್ನು ಅವರಿಗೆ ಕೊಟ್ಟಿದ್ದೆ. ನಮಗೆ ಬೆಳಗಿನ ಕಾಫಿಯ ಹೊತ್ತು, ಅಲ್ಲಿ ರಾತ್ರಿ ಊಟ ಮುಗಿಸಿ ಪಾತ್ರೆ ಮಗುಚಿಟ್ಟ ಹೊತ್ತು. ಬಾಲ್ಕನಿಯಲ್ಲಿ ಕೂತು ಅತ್ತೆ ನಮ್ಮ ಮನೆಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದರು. ನನ್ನ ಅಡುಗೆಯ ವಿಮರ್ಶೆಯೂ ಅದರಲ್ಲಿ ಸೇರಿತ್ತು, ಅದಕ್ಕೆ ನನ್ನ ತಕರಾರಿರಲಿಲ್ಲ. ಪೆರು ಪ್ರವಾಸದ ವಿಷಯ ತಿಳಿದಾಗ ಪದ್ಮಮ್ಮ ನನ್ನನ್ನೂ ಫೋನಿಗೆ ಕರೆದರು.

"ಏನಮ್ಮಾ ವೀಣಾ, ನಮ್ಮಕ್ಕನ್ನ ಬೆಟ್ಟ ಹತ್ತಿಸ್ತೀಯಂತೆ? ಜೋಪಾನ. ಮಂಡಿ ಗಟ್ಟಿ ಇದೆ, ಬಾಯಿ ಅದಕ್ಕಿಂತ ಗಟ್ಟಿ."

ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲು ಊದಿಕೊಳ್ಳುತ್ತಿತ್ತು. ಇದ್ದದ್ದೇ ಎಂದುಕೊಂಡಿದ್ದೆವು. ನಮ್ಮ ತಲೆಯ ತುಂಬ ಪ್ರವಾಸ. ಭಾರತದ ಪಾಸ್‌ಪೋರ್ಟಿಗೆ ಆಗ ಪೆರುವಿನ ವೀಸಾ ಬೇಕಿತ್ತು, ಅದಕ್ಕೆ ಲಾಸ್ ಏಂಜಲೀಸ್‌ಗೆ ಓಡಾಡಿದ್ದೆ. ಅತ್ತೆಗೆ ಬೂಟು ತೊಡಿಸಿ ಶನಿವಾರ ಬೆಳಿಗ್ಗೆ ಹತ್ತಿರದ ಗುಡ್ಡ ಹತ್ತಿಸುತ್ತಿದ್ದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಅವರು ಅನಘಾಳಿಗಿಂತ ಮುಂದೆ ಹೋಗಿ ಮೇಲೆ ನಿಂತು ನಮ್ಮನ್ನು ಕಾಯುತ್ತಿದ್ದರು. ಹಾಗಾಗಿ ಮುಂದೆ ಮಂಡಿ ನೋವು ಎಂದಾಗ ನನಗೆ ನಂಬಿಕೆ ಬರಲಿಲ್ಲ.

ಮೇ ತಿಂಗಳಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಹಾಸನದಲ್ಲಿ ಗಿರೀಶನ ದಾಯಾದಿ ದೊಡ್ಡಪ್ಪ ಒಬ್ಬರು ತೀರಿಕೊಂಡರು ಎಂದು ಶನಿವಾರ ಬೆಳಿಗ್ಗೆ ಫೋನು ಬಂತು. ಹತ್ತು ದಿನದ ಸೂತಕ. ಸಂಜೆಗೆ ಸ್ನೇಹಿತರ ಹೊಸ ಮನೆಯ ಗೃಹಪ್ರವೇಶವಿತ್ತು.

"ಏನೋ ಮಾಡ್ತೀಯ?" ಎಂದು ಅತ್ತೆ ಮಗನನ್ನು ಕೇಳಿದರು.

"ಆ ದೊಡ್ಡಪ್ಪನ್ನ ನಾನು ಎರಡು ಸಲ ನೋಡಿದ್ದೀನೋ ಏನೋ ಅಮ್ಮಾ. ತಲೆಗೆ ಸ್ನಾನ ಮಾಡ್ತೀನಿ, ಆಯ್ತಲ್ಲ. ಇಲ್ಲಿ ಯಾರು ನೋಡ್ತಾರೆ?"

ಅತ್ತೆ ತಲೆನೋವೆಂದು ಮನೆಯಲ್ಲೇ ಉಳಿದರು. ನಾವು ಹೋಗಿ ಸತ್ಯನಾರಾಯಣ ಪೂಜೆಯಲ್ಲಿ ಕೂತು, ಪ್ರಸಾದ ತಿಂದು, ಅವರಿಗೂ ಎರಡು ಹೋಳಿಗೆ ಕಟ್ಟಿಸಿಕೊಂಡು ಬಂದೆವು. ಆ ಹೋಳಿಗೆ ಫ್ರಿಜ್ಜಿನಲ್ಲಿ ಬಹಳ ದಿನ ಇತ್ತು. ಕೊನೆಗೆ ನಾನೇ ಎಸೆದೆ, ಅತ್ತೆಗೆ ಸಿಹಿ ಬೇಡವಾಗಿದೆ ಎಂದುಕೊಂಡು.

ಜೂನ್ ಮಧ್ಯದಲ್ಲಿ ಹೊರಟೆವು. ವಿಮಾನ ಲಾಸ್ ಏಂಜಲೀಸ್‌ನಿಂದ, ಸಂಜೆಗೆ. ಅಲ್ಲಿಗೆ ಹತ್ತಿರದ ರೆಡೊಂಡೊ ಬೀಚ್ ಎಂಬ ಊರಿನಲ್ಲಿ ನನ್ನ ಪೊಮೊನಾ ದಿನಗಳ ಗೆಳತಿ ಮಂಜುಳಾ ಇದ್ದಳು. ಅವಳ ಮನೆಯಲ್ಲಿ ಕಾರು ಬಿಟ್ಟು, ಊಟ ಮಾಡಿ, ಅಲ್ಲಿಂದ ಏರ್‌ಪೋರ್ಟಿಗೆ ಹೋಗುವುದು ಎಂದು ಮಾತಾಗಿತ್ತು. ಊಟವಾದ ಮೇಲೆ ಸಮಯವಿದೆಯಲ್ಲ ಎಂದು ಎಲ್ಲರೂ ಸಮುದ್ರದ ಕಡೆ ಹೋದೆವು. ಮೋಡ ಆಗಷ್ಟೇ ಚದುರಿ ಎಳೆಬಿಸಿಲು ಬಂದಿತ್ತು. ಸೇತುವೆಯ ಹಾಗೆ ನೀರಿನೊಳಕ್ಕೆ ಚಾಚಿದ ಪಿಯರ್ ಮೇಲೆ ಮೀನು ಹಿಡಿಯುವವರ ನಡುವೆ ಅತ್ತೆ ನಿಧಾನಕ್ಕೆ ನಡೆಯುತ್ತಿದ್ದರು. ಅವರ ಫೋನು ಬಡಿದುಕೊಂಡಿತು. ಕಂಬಿಯ ಹತ್ತಿರ ಹೋಗಿ ಆ ಕಡೆ ತಿರುಗಿ ಮಾತಾಡತೊಡಗಿದರು. ನಾನು ಮಂಜುಳಾಗೆ ಟಿಕೆಟ್ಟು, ಹೋಟೆಲು, ರೈಲು ಎಂದು ನನ್ನ ಫೋನಿನಲ್ಲಿ ಒಂದೊಂದಾಗಿ ತೋರಿಸುತ್ತಿದ್ದೆ.

ಅತ್ತೆ ಬಂದು ನಮ್ಮ ಪಕ್ಕ ನಿಂತರು. ಏನೋ ಹೇಳುವವರಂತೆ ನನ್ನನ್ನೇ ನೋಡಿದರು. "ಯಾರತ್ತೆ ಫೋನು?" ಎಂದೆ, ಫೋನಿನಿಂದ ಕಣ್ಣೆತ್ತದೆ.

"ರಘು" ಎಂದರು. ರಘು ಪದ್ಮಮ್ಮನ ಮಗ.

"ಹುಷಾರಾಗಿ ಹೋಗ್ಬನ್ನಿ ಅಂದ್ನಾ?"

ಅತ್ತೆ ತಲೆಯಾಡಿಸಿದರು. ಆಮೇಲೆ ಮೆಟ್ಟಿಲಿಳಿದು ಮರಳಿಗೆ ಹೋದರು. ಚಪ್ಪಲಿ ಬಿಟ್ಟರು. ನಾವು ನೋಡುತ್ತಿದ್ದ ಹಾಗೇ ನೀರಿಗೆ ಇಳಿದರು. ಕಾಲು ತೋಯಿಸಿಕೊಂಡು ಬರುತ್ತಾರೆ ಎಂದುಕೊಂಡೆ. ಅವರು ನಿಲ್ಲಲಿಲ್ಲ. ಉಟ್ಟ ಸೀರೆಯಲ್ಲೇ ಸೊಂಟದ ಮಟ್ಟ ನೀರಿಗೆ ಹೋಗಿ, ಮೂಗು ಹಿಡಿದು ಒಂದು ಸಲ ಪೂರ್ತಿ ಮುಳುಗಿದರು. ಎದ್ದರು. ಮತ್ತೆ ಮುಳುಗಿದರು.

ಪಿಯರ್ ಮೇಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಅನಘಾ ನನ್ನ ಫೋನು ಕಿತ್ತುಕೊಂಡು ವಿಡಿಯೋ ತೆಗೆಯುತ್ತಾ "ಅಜ್ಜಿ ಈಸ್ ಸೋ ಕೂಲ್" ಎಂದು ನಕ್ಕಳು. ಮಂಜುಳಾ, "ಆಂಟಿಗೆ ಧೈರ್ಯ ಕಣೇ, ಈ ತಣ್ಣೀರಿಗೆ ನಾವೇ ಇಳಿಯಲ್ಲ" ಎಂದಳು. ಗಿರೀಶನೂ ನಕ್ಕ. ಸಾವಿನ ಸುದ್ದಿ ಕಿವಿಗೆ ಬಿದ್ದೊಡನೆ ಉಟ್ಟ ಬಟ್ಟೆಯಲ್ಲೇ ಮುಳುಗಬೇಕು ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇಬ್ಬರ ಮನೆಯಲ್ಲೂ ಹಿರಿಯರು ಬಚ್ಚಲಿಗೆ ಹೋಗಿ ಹಾಗೆ ನೀರು ಸುರಿದುಕೊಂಡದ್ದನ್ನು ನೋಡಿ ಬೆಳೆದವರು ನಾವು. ಆದರೂ ರೆಡೊಂಡೊ ಬೀಚಿನಲ್ಲಿ, ಎಳೆಬಿಸಿಲಿನಲ್ಲಿ, ಪ್ರವಾಸ ಹೊರಟ ಸಡಗರದಲ್ಲಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

"ಏನತ್ತೆ ಇದು, ಸಂಜೆ ಫ್ಲೈಟ್ ಇಟ್ಕೊಂಡು? ಸೀರೆಯೆಲ್ಲ ಮರಳು. ಮಂಜುಳಾ ಕಾರ್ ಸೀಟಿನ ಗತಿ ಏನು?" ಎಂದೆ.

ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಮುಖದಿಂದ ನೀರು ಇಳಿಯುತ್ತಿತ್ತು. "ಆಸೆಯಾಯ್ತು ಕಣೇ" ಎಂದರು.

ಕುಸ್ಕೋ ತಲುಪಿದ ದಿನದಿಂದಲೇ ಅತ್ತೆಯ ರೀತಿ ನನಗೆ ಬಗೆಹರಿಯಲಿಲ್ಲ. ಊರು ಬಹಳ ಎತ್ತರದಲ್ಲಿದೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಹಗಲು ಚುರುಕು ಬಿಸಿಲು, ಸೂರ್ಯ ಇಳಿದರೆ ಮೂಳೆ ಕೊರೆಯುವ ಚಳಿ. ಅಂಥ ಚಳಿಯಲ್ಲಿ ಅತ್ತೆ ಹೋಟೆಲಿನ ಮಂಚ ಬಿಟ್ಟು ನೆಲದ ಮೇಲೆ ಕಂಬಳಿ ಹಾಸಿಕೊಂಡು ಮಲಗಿದರು. ಹಾಸಿಗೆ ತೀರ ಮೆತ್ತಗಿದೆ ಎಂದರು. ಅನ್ನಕ್ಕೆ ನಾವು ಕಟ್ಟಿಕೊಂಡು ಹೋಗಿದ್ದ ಚಟ್ನಿಪುಡಿಯನ್ನೂ ಮುಟ್ಟಲಿಲ್ಲ. ಆ ಚಟ್ನಿಪುಡಿ ಪದ್ಮಮ್ಮ ಕುಟ್ಟಿ ಕಳಿಸಿದ್ದು. ನಾವು ಮೂವರೂ ಬೆರಳು ಚೀಪಿಕೊಂಡು ತಿಂದೆವು, ಅವರು ಬೇಯಿಸಿದ ಆಲೂಗಡ್ಡೆ ತಿಂದರು. ಎಲ್ಲಕ್ಕಿಂತ ಅನಘಾಳಿಗೆ ಬೇಜಾರಾದದ್ದು ಅಜ್ಜಿ ತನ್ನಿಂದ ದೂರ ಸರಿದದ್ದು. ಮನೆಯಲ್ಲಿ ಅವಳಿಗೆ ಅಜ್ಜಿಯೇ ಕೈತುತ್ತು ಹಾಕಬೇಕಿತ್ತು, ಅಜ್ಜಿಯ ಹೊಟ್ಟೆಯ ಮೇಲೆ ಕೈ ಹಾಕಿಕೊಂಡೇ ಮಲಗಬೇಕಿತ್ತು. ಇಲ್ಲಿ ಅತ್ತೆ, "ದೊಡ್ಡೋಳಾದೆ, ನೀನೇ ತಿನ್ನಮ್ಮ" ಎಂದು ಪಕ್ಕದ ಕುರ್ಚಿ ಬಿಟ್ಟು ಆಚೆ ಕುರ್ಚಿಯಲ್ಲಿ ಕೂರುತ್ತಿದ್ದರು.

"ವಾಟ್ ಡಿಡ್ ಐ ಡೂ?" ಎಂದು ಮಗಳು ನನ್ನನ್ನು ಕೇಳಿದಳು. ನನಗೇನು ಗೊತ್ತು. ಪರದೇಶದ ಪ್ರವಾಸ ಅತ್ತೆಗೆ ರುಚಿಸಿಲ್ಲ, ಅದನ್ನು ಹೀಗೆ ಮುಖ ಊದಿಸಿಕೊಂಡು ತೋರಿಸುತ್ತಿದ್ದಾರೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಎರಡನೆಯ ದಿನ ಸೂರ್ಯನ ಗುಡಿಗೆ ಹೋದೆವು. ಗೈಡು ವಿಲ್ಮರ್ ಎಂಬ ಹಸನ್ಮುಖಿ, ಅಲ್ಲಿಯವನೇ. ಬಾಗಿಲ ಹತ್ತಿರ ಅತ್ತೆ ನಿಂತರು.

"ಇದು ದೇವಸ್ಥಾನ ಅಲ್ವೇನೇ?"

"ಆಗ ಇತ್ತತ್ತೆ. ಈಗ ಮ್ಯೂಸಿಯಂ ಥರ. ಮೇಲೆ ಚರ್ಚಿದೆ."

"ದೇವರು ಇದ್ದ ಜಾಗ ತಾನೆ?"

"ಹೌದು, ಸೂರ್ಯ. ನಮ್ಮ ಸೂರ್ಯನಾರಾಯಣನೇ ಅಂದ್ಕೊಳ್ಳಿ."

"ನೀವು ಹೋಗ್ಬನ್ನಿ. ನನಗೆ ಮಂಡಿ ನೋಯ್ತಿದೆ."

ಮುಂದಿನ ಹುಲ್ಲುಹಾಸಿನ ಆಚೆ ಒಂದು ಕಟ್ಟೆಯ ಮೇಲೆ ಕೂತರು. ಒಳಗೆ ಹೋದ ನಾನು ಹದಿನಾಲ್ಕು ವರ್ಷ ಕನಸಿನಲ್ಲಿ ಕಂಡಿದ್ದ ಗೋಡೆಗೆ ಅಂಗೈ ಒತ್ತಿ ನಿಂತೆ. ಕಲ್ಲು ತಣ್ಣಗಿತ್ತು, ನುಣ್ಣಗಿತ್ತು. ಎರಡು ಕಲ್ಲು ಕೂಡುವ ಕಡೆ ಉಗುರಿಟ್ಟು ನೋಡಿದೆ, ಹೋಗಲಿಲ್ಲ. ಕಣ್ಣಲ್ಲಿ ನೀರು ಬಂತು. ಗಿರೀಶ ಫೋಟೋ ತೆಗೆದ. ಈಗ ಆ ಫೋಟೋ ನೋಡಿದರೆ ನನ್ನ ಕಾಲಿನ ಮೇಲೆ ಕಣ್ಣು ಹೋಗುತ್ತದೆ. ಬೂಟು ಹಾಕಿಕೊಂಡು ಗರ್ಭಗುಡಿಯಲ್ಲಿ ನಿಂತಿದ್ದೇನೆ. ನೂರಾರು ಜನ ಹಾಗೇ ಓಡಾಡುತ್ತಿದ್ದೆವು. ಆ ದಿನ ಅಲ್ಲಿಗೆ ಬಂದವರಲ್ಲಿ ಅದನ್ನು ನಿಜವಾಗಿ ದೇವಸ್ಥಾನವೆಂದು ನಂಬಿದ್ದವರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಮೈಲಿಗೆಯಲ್ಲಿ ಒಳಗೆ ಬರಬಾರದು ಎಂದು, ಯಾರದೋ ದೇವರಿಗೆ, ಮೂರ್ತಿಯಿಲ್ಲದ ಪೂಜೆಯಿಲ್ಲದ ಗುಡಿಗೆ, ಅತ್ತೆ ಆ ಮರ್ಯಾದೆ ಕೊಟ್ಟಿದ್ದರು. ಕೈ ಕೂಡ ಮುಗಿದಿರಲಿಲ್ಲ. ಸೂತಕದಲ್ಲಿ ಅದೂ ಇಲ್ಲವಲ್ಲ.

ಬೆಟ್ಟದ ಮೇಲಿನ ಇಂಕಾ ಊರು ಮಾಚು ಪಿಚುಗೆ ರೈಲಿನಲ್ಲಿ ಹೋಗಿ, ಬೆಳಿಗ್ಗೆ ಬಸ್ಸಿನಲ್ಲಿ ಬೆಟ್ಟ ಹತ್ತಿದೆವು. ತಿರುವು ತಿರುವಿಗೂ ಕೆಳಗೆ ನದಿ, ಎದುರಿಗೆ ಕಡಿದಾದ ಹಸಿರು ಬೆಟ್ಟ. ಅವತ್ತು ಅತ್ತೆಯ ಮುಖ ಸ್ವಲ್ಪ ತಿಳಿಯಾಗಿತ್ತು. ಕಿಟಕಿಯ ಪಕ್ಕ ಕೂತು ಒಂದೇ ಸಮ ಹೊರಗೆ ನೋಡುತ್ತಿದ್ದರು. ಇವತ್ತಾದರೂ ಖುಷಿಯಾಗಿರುತ್ತಾರೆ ಎಂದು ನನಗೂ ಸಮಾಧಾನವಾಯಿತು. ಟಿಕೆಟ್ ತೋರಿಸುವ ಸಾಲಿನಲ್ಲಿ ನಿಂತಾಗ ವಿಲ್ಮರ್ ವಿವರಿಸತೊಡಗಿದ. ನಮ್ಮ ಹಿರಿಯರಿಗೆ ಬೆಟ್ಟವೂ ದೇವರು, ನದಿಯೂ ದೇವರು, ಬಂಡೆಯೂ ದೇವರು, ಈ ಇಡೀ ಊರನ್ನು ಅವರು ಪೂಜೆಯ ಹಾಗೆ ಕಟ್ಟಿದರು ಎಂದ. ನನಗೆ ಮೈ ಜುಮ್ಮೆಂದಿತು. ಅತ್ತೆಗೂ ತಿಳಿಯಲಿ ಎಂದು ಕನ್ನಡದಲ್ಲಿ ಹೇಳಿದೆ.

"ಇಡೀ ಊರೇ ಒಂದು ದೇವಸ್ಥಾನ ಇದ್ದ ಹಾಗಂತೆ ಅತ್ತೆ."

ಅತ್ತೆ ಸಾಲಿನಿಂದ ಈಚೆ ಬಂದುಬಿಟ್ಟರು.

"ಏನಾಯ್ತು?"

"ನಾನು ಇಲ್ಲೇ ಇರ್ತೀನಿ ಕಣೇ. ಮಂಡಿ."

ನನ್ನ ಪಿತ್ತ ನೆತ್ತಿಗೇರಿತು. ಹಿಂದೆ ಮುಂದೆ ಜನ ಇದ್ದರೂ, ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ಬೇರೆ. "ಮೂರು ವರ್ಷದಿಂದ ಪ್ಲಾನ್ ಮಾಡಿದ್ದೀನತ್ತೆ. ನಡ್ಕೊಂಡು ಬರೋ ದಾರಿ ಬಿಟ್ಟು ರೈಲು ತಗೊಂಡಿದ್ದೇ ನಿಮಗೋಸ್ಕರ. ಬಾಗಿಲ ತನಕ ಬಂದು ಮಂಡಿ ನೋವು ಅಂತೀರಲ್ಲ? ಅಲ್ಲಿ ಗುಡ್ಡ ಹತ್ತುವಾಗ ಇರದಿದ್ದ ನೋವು ಇಲ್ಲಿ ಎಲ್ಲಿಂದ ಬಂತು? ನಮ್ಮ ಖುಷಿ ನೋಡಕ್ಕಾಗಲ್ವಾ ನಿಮಗೆ? ನಿಮ್ಮನ್ನ ಕರ್ಕೊಂಡು ಬಂದಿದ್ದೇ ತಪ್ಪಾಯ್ತು."

"ವೀಣಾ, ಬಿಡು" ಎಂದ ಗಿರೀಶ. ಅಮ್ಮನ ಪರ ವಹಿಸಿ ಅಂದದ್ದಲ್ಲ, ಸಾಲು ಮುಂದೆ ಸರಿಯುತ್ತಿತ್ತು.

ಅತ್ತೆ ನನ್ನ ಮುಖವನ್ನೇ ನೋಡಿದರು. "ಹೋಗ್ಬಾಮ್ಮ. ಎಷ್ಟು ವರ್ಷದ ಆಸೆ ನಿಂದು. ಕಣ್ತುಂಬ ನೋಡ್ಕೊಂಡು ಬಾ" ಎಂದರು.

ಹೋದೆ. ಕಣ್ತುಂಬ ನೋಡಿದೆ. ಅಲ್ಲಿ ನನಗೆ ಸಂತೋಷವಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಸುಳ್ಳಾಗುತ್ತದೆ. ಮೇಲಿನ ಪಾವಟಿಗೆಯಿಂದ ಆ ಊರು ಒಮ್ಮೆಗೇ ಕಣ್ಣಿಗೆ ಬಿದ್ದಾಗ ನಾನು ಅತ್ತೆಯನ್ನು ಮರೆತೇಬಿಟ್ಟೆ. ಬುಡ ಅಗಲ ತಲೆ ಕಿರಿದಾದ ಬಾಗಿಲುಗಳು, ಮಳೆನೀರು ಹರಿದುಹೋಗಲು ಕಲ್ಲಿನಲ್ಲೇ ಮಾಡಿದ ಕಾಲುವೆಗಳು, ಬೆಟ್ಟ ಜಾರದಂತೆ ತಡೆದು ನಿಲ್ಲಿಸಿದ ಮೆಟ್ಟಿಲು ಮೆಟ್ಟಿಲು ಗದ್ದೆಗಳು. ನನ್ನ ಕಸುಬಿನವರೇ ಯಾರೋ ಐನೂರು ವರ್ಷದ ಹಿಂದೆ ಇಲ್ಲಿ ತಲೆ ಕೆಡಿಸಿಕೊಂಡಿದ್ದಾರೆ ಎಂದು ಒಂದೊಂದು ಗೋಡೆಯ ಮುಂದೆಯೂ ನಿಂತೆ. ಮಧ್ಯಾಹ್ನ ದಾಟಿತು. ಹೊರಗೆ ಬಂದಾಗ ಅತ್ತೆ ಬಸ್ಸುಗಳು ನಿಲ್ಲುವ ಕಡೆ, ಬಿಟ್ಟುಹೋದ ಜಾಗದಲ್ಲೇ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಣ್ಣು ಊದಿಕೊಂಡಿದ್ದವು. ನನ್ನ ಮಾತು ತಾಗಿದೆ ಎಂದುಕೊಂಡೆ. ಸ್ವಲ್ಪ ತಾಗಲಿ ಎಂದೂ ಅನ್ನಿಸಿತು.

ಅಲ್ಲಿಂದ ಮುಂದೆ ನಾವಿಬ್ಬರೂ ಬೇಕಾದಷ್ಟೇ ಮಾತಾಡಿದೆವು. ಬಸ್ಸು ಬಂತು, ಊಟ ಮಾಡಿ, ಸ್ವೆಟರ್ ಹಾಕ್ಕೊಳ್ಳಿ, ಇಷ್ಟೇ. ಉಳಿದ ದಿನಗಳಲ್ಲಿ ನೋಡಿದ ಪ್ರತಿ ಜಾಗದಲ್ಲೂ ಅವರು ಮೊದಲು ವಿಲ್ಮರ್‌ನ ಕಡೆ, ಆಮೇಲೆ ನನ್ನ ಕಡೆ ನೋಡಿ ದೇವಸ್ಥಾನವೇ ಎಂದು ಕೇಳುತ್ತಿದ್ದರು. ಕೋಟೆ ಎಂದರೆ ಬರುತ್ತಿದ್ದರು. ಗುಡಿ ಎಂದರೆ ಹೊರಗೆ. ಫೋಟೋಕ್ಕೆ ಕರೆದರೆ ಬೇಡ ಎನ್ನುತ್ತಿದ್ದರು. ನಾನೂ ಕರೆಯುವುದನ್ನು ಬಿಟ್ಟೆ.

ಲಾಸ್ ಏಂಜಲೀಸ್‌ಗೆ ವಾಪಸು ಇಳಿದು ಮಂಜುಳಾ ಮನೆಗೆ ಬಂದಾಗ ಬೆಳಿಗ್ಗೆ. ಅತ್ತೆ ಬ್ಯಾಗು ಕೆಳಗಿಟ್ಟವರೇ ಬಚ್ಚಲೆಲ್ಲಿ ಎಂದು ಕೇಳಿದರು. ತಲೆಗೆ ಎರೆದುಕೊಂಡು, ಒಗೆದ ಸೀರೆಯುಟ್ಟು, ಮಂಜುಳಾಳ ದೇವರ ಗೂಡಿನ ಮುಂದೆ ನಿಂತು ಕೈ ಮುಗಿದರು. ಆಮೇಲೆ ಅನಘಾಳನ್ನು ಹತ್ತಿರಕ್ಕೆ ಎಳೆದುಕೊಂಡು ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ನಾನು ಕಾಫಿ ಲೋಟ ಹಿಡಿದು ನೋಡುತ್ತಿದ್ದೆ.

"ಗಿರೀ, ಬಾ ಕೂತ್ಕೋ" ಎಂದರು. "ಪದ್ಮಾ ಹೋಗ್ಬಿಟ್ಲು ಕಣೋ. ನಾವು ಹೊರಟ ದಿನಾನೇ. ನೆನ್ನೆಗೆ ಹತ್ತು ದಿನ ಕಳೀತು. ನೀನೂ ವೀಣಾನೂ ತಲೆಗೆ ಸ್ನಾನ ಮಾಡಿ, ಅಷ್ಟು ಸಾಕು."

ಗಿರೀಶನಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾರು, ಚಿಕ್ಕಮ್ಮನಾ?" ಎಂದು ಎರಡು ಸಲ ಕೇಳಿದ. ಆಮೇಲೆ ಎದ್ದು ಹೊರಗೆ ಹೋಗಿ, ನಿಂತಿದ್ದ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ. ನನಗೆ ಸಮುದ್ರದಲ್ಲಿ ಮುಳುಗಿದ ಅತ್ತೆ ಕಣ್ಣ ಮುಂದೆ ಬಂದರು. ಆಮೇಲೆ ನೆಲದ ಮೇಲಿನ ಕಂಬಳಿ, ಮುಟ್ಟದ ಚಟ್ನಿಪುಡಿ, ಕಟ್ಟೆ, ಮಾಚು ಪಿಚುವಿನ ಬಾಗಿಲು. ನನ್ನ ಮಾತುಗಳೂ ಒಂದೂ ಬಿಡದೆ ಕಿವಿಗೆ ಬಂದವು. ಅತ್ತೆಯ ಕಾಲ ಹತ್ತಿರ ಕೂತು ಅತ್ತೆ ಅತ್ತೆ ಎಂದು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು. ಸಮಾಧಾನ ಮಾಡಬೇಕಾದವಳು ನಾನು, ಮಾಡಿಸಿಕೊಂಡವಳೂ ನಾನು.

ಗಿರೀಶ ಒಳಗೆ ಬಂದು ರಘುವಿಗೆ ಫೋನು ಮಾಡಿದ. ಸ್ಪೀಕರ್ ಹಾಕಿದ್ದ, ಅತ್ತೆಯೂ ಮಾತಾಡಲಿ ಎಂದು.

"ದೊಡ್ಡಮ್ಮ ಅವತ್ತೇ ವಾಪಸ್ ಫೋನ್ ಮಾಡಿ ಹೇಳಿದ್ರು ಕಣೋ" ಎಂದ ರಘು. "ಗಿರಿಗೆ ತುಂಬ ಸಂಕಟ ಆಗಿದೆ, ಹತ್ತು ದಿನ ಕಳೆದ ಮೇಲೆ ಅವನೇ ಮಾತಾಡ್ತಾನೆ, ಈಗ ಫೋನ್ ಮಾಡ್ಬೇಡ ಅಂದ್ರು. ನೀವೆಲ್ಲ ಎಲ್ಲಿಗೋ ಹೊರಟಿದ್ರಂತೆ, ಅಮ್ಮನ ಸುದ್ದಿ ಕೇಳಿ ಕ್ಯಾನ್ಸಲ್ ಮಾಡಿ ಸೂತಕ ಹಿಡಿದ್ರಂತೆ. ಅಷ್ಟು ದೂರದಲ್ಲಿದ್ಕೊಂಡು ಯಾರು ಮಾಡ್ತಾರೋ ಗಿರಿ. ಅಪ್ಪ ಬಂದೋರಿಗೆಲ್ಲ ಅದನ್ನೇ ಹೇಳಿದ್ರು."

ಗಿರೀಶ ಅಮ್ಮನ ಮುಖ ನೋಡಿದ. ಅವರು ನೆಲ ನೋಡುತ್ತಿದ್ದರು. "ಹ್ಞೂಂ" ಎಂದ. ಇವತ್ತಿಗೂ ಅರಸೀಕೆರೆಯಲ್ಲಿ ನಮಗೆ ಆ ಹೆಸರಿದೆ. ಊರಿಗೆ ಹೋದಾಗ ಚಿಕ್ಕಪ್ಪ ಅದನ್ನು ನೆನೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರೆ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತದೆ.

ಮನೆಗೆ ಬಂದ ಮೇಲೆ ಗಿರೀಶ ಆ ಪ್ರವಾಸದ ಫೋಟೋಗಳನ್ನು ತೆರೆಯಲೇ ಇಲ್ಲ. ಅನಘಾ ಮಾತ್ರ ಸಮುದ್ರದ ವಿಡಿಯೋವನ್ನು ಗೆಳತಿಯರಿಗೆಲ್ಲ ತೋರಿಸುತ್ತಿದ್ದಳು. ಒಂದು ದಿನ ಬೇಡ, ತೋರಿಸಬೇಡ ಎಂದೆ.

"ವೈ? ಇಟ್ಸ್ ಫನಿ."

"ಅದರಲ್ಲಿ ಅಜ್ಜಿ ಅಳ್ತಾ ಇದ್ರು ಪುಟ್ಟಾ."

ಅವಳು ಮತ್ತೊಮ್ಮೆ ಅದನ್ನು ಹಾಕಿ, ಮುಖದ ಹತ್ತಿರ ಹಿಡಿದು ನೋಡಿದಳು. ಆಮೇಲೆ ಯಾರಿಗೂ ತೋರಿಸಲಿಲ್ಲ.

ನಾನು ಬೇರೆ ದಾರಿ ಹಿಡಿದೆ. ಆ ಬೇಸಿಗೆಯ ಉಳಿದ ವಾರಗಳಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಅತ್ತೆಯ ಕಥೆ ಹೇಳುತ್ತಿದ್ದೆ. ನಮ್ಮ ಪ್ರವಾಸ ಕೆಡಬಾರದು ಎಂದು ಅಷ್ಟು ದೊಡ್ಡ ದುಃಖವನ್ನು ನುಂಗಿಕೊಂಡರು ನೋಡಿ ಎಂದು. ನನ್ನ ಮಾತುಗಳನ್ನೂ ಮುಚ್ಚಿಡುತ್ತಿರಲಿಲ್ಲ, ಮಾಚು ಪಿಚುವಿನ ಬಾಗಿಲಲ್ಲಿ ಹೀಗೆಲ್ಲ ಅಂದುಬಿಟ್ಟೆ ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಕೇಳಿದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. "ಎಂಥ ಅತ್ತೆ ಸಿಕ್ಕಿದ್ದಾರೆ ಕಣೇ ನಿನಗೆ, ಪುಣ್ಯ ಮಾಡಿದ್ದೆ" ಎಂದಳು ಮಂಜುಳಾ. ಒಂದೊಂದು ಸಲ ಹೇಳಿದಾಗಲೂ ನನ್ನ ಎದೆ ಒಂದಿಷ್ಟು ಹಗುರಾಗುತ್ತಿತ್ತು. ಅತ್ತೆ ಅದೇ ಮನೆಯ ಅಡುಗೆಕೋಣೆಯಲ್ಲಿ ಆಂಟಿಯರ ಜೊತೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.  ಭಾನುವಾರದ ಕಾಫಿ ಹಿಡಿದು ಬಾಲ್ಕನಿಗೆ ಹೋಗುವುದನ್ನೂ ಬಿಟ್ಟಿದ್ದರು.

ಅಕ್ಟೋಬರಿನಲ್ಲಿ ಅವರು ಊರಿಗೆ ಹೊರಟರು. ಗಿರೀಶನಿಗೆ ರಜೆ ಸಿಗಲಿಲ್ಲ, ಅನಘಾಳಿಗೆ ಸ್ಕೂಲು. ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಕರೆದೊಯ್ದೆ. ಲಾಸ್ ಏಂಜಲೀಸ್ ಹತ್ತಿರವಾಗುತ್ತಿದ್ದ ಹಾಗೆ ಟ್ರಾಫಿಕ್ ಗಟ್ಟಿಯಾಯಿತು, ಕಾರು ಆಮೆ ನಡಿಗೆಗೆ ಬಂತು. ಅಲ್ಲಿಯವರೆಗೆ ಔಷಧ, ಮಾತ್ರೆ, ಸೊಂಟದ ಪಟ್ಟಿ ಎಂದು ಮಾತಾಡುತ್ತಿದ್ದ ಅತ್ತೆ ಮಾತು ಬದಲಿಸಿದರು.

"ವೀಣಾ, ಒಂದು ಮಾತು. ಬೇಜಾರು ಮಾಡ್ಕೋಬೇಡ."

"ಹೇಳಿ ಅತ್ತೆ."

"ಎಲ್ಲರ ಮನೇಲೂ ಹೇಳ್ತೀಯಲ್ಲ, ನಿಮ್ಮ ಪ್ರವಾಸ ಕೆಡಬಾರದು ಅಂತ ನಾನು ಮುಚ್ಚಿಟ್ಟೆ ಅಂತ. ಇನ್ನು ಹಾಗೆ ಹೇಳ್ಬೇಡಮ್ಮ."

"ಯಾಕತ್ತೆ? ನಿಜ ತಾನೆ ಅದು?"

"ಅಲ್ಲ ಕಣೇ."

ಮುಂದಿನ ಕಾರು ನಿಂತಿತು. ನಾನೂ ನಿಲ್ಲಿಸಿದೆ. ಅತ್ತೆ ನನ್ನ ಕಡೆ ತಿರುಗಲಿಲ್ಲ, ಎದುರಿನ ಗಾಜನ್ನೇ ನೋಡುತ್ತಾ ಹೇಳಿದರು. "ಹೇಳ್ಬೇಕು ಅಂತಲೇ ನಿಮ್ಮ ಹತ್ರ ಬಂದು ನಿಂತೆ ಅವತ್ತು. ನೀವು ಹೋಗೋದು ನಿಲ್ಲಿಸ್ತೀರಿ ಅಂತ ನನಗೆ ಭಯ ಇರ್ಲಿಲ್ಲ. ಹೇಳಿದ ಮೇಲೂ ಹೊರಟುಬಿಟ್ರೆ? ಪದ್ಮಾ ಸತ್ಲು ಅಂತ ಕೇಳಿ, ಅಯ್ಯೋ ಪಾಪ ಅಂದು, ತಲೆ ಮೇಲೆ ನೀರು ಹಾಕ್ಕೊಂಡು ಹೊರಟುಬಿಟ್ರೆ? ಆಮೇಲೆ ನಾನು ನಿಮ್ಮ ಮನೇಲಿ ಹೇಗೆ ಇರ್ಲಿ, ನಿಮ್ಮ ಕೈಯಿಂದ ಅನ್ನ ಹೇಗೆ ತಿನ್ಲಿ. ಅದನ್ನ ನೋಡೋ ಧೈರ್ಯ ನನಗೆ ಬರ್ಲಿಲ್ಲ ಕಣಮ್ಮ. ಅದಕ್ಕೇ ಹೇಳ್ಲಿಲ್ಲ."

ಇಲ್ಲ ಅತ್ತೆ, ಖಂಡಿತ ನಿಲ್ಲಿಸುತ್ತಿದ್ದೆವು ಎಂದು ಹೇಳಲು ಅವರ ಕಡೆ ತಿರುಗಿ ಬಾಯಿ ತೆರೆದೆ. ಮುಂದಿನ ಕಾರು ಆಗಲೇ ಹೊರಟಿತ್ತು.

"ಬೇಡ, ಬಿಡು" ಎಂದರು ಅತ್ತೆ, ನನ್ನ ಕೈಯ ಮೇಲೆ ಕೈಯಿಟ್ಟು. "ರಸ್ತೆ ನೋಡ್ಕೊಂಡು ಓಡಿಸು."